ಸಲಹೆ ಕೊಡದವರಿಗೇಕೆ ಫೀಸು?

‘ಐವತ್ತು ನಿಮಿಷ ನಾನೇ ಮಾತಾಡಿದೆ. ಅವರು ಹೂಂ ಹೂಂ ಅಂದಿದ್ದು ಬಿಟ್ಟರೆ ಏನೂ ಹೇಳಲಿಲ್ಲ. ಅದಕ್ಕೆ ಫೀಸು ಬೇರೆ!’ ಮೊದಲ ಸಲ ಮನೋಚಿಕಿತ್ಸಕರನ್ನು ಕಂಡುಬಂದವರ ಮಾಮೂಲಿ ದೂರು ಇದು. ದೂರಿನಲ್ಲಿ ತಪ್ಪೇನಿಲ್ಲ. ಅಜ್ಜಿಯ ಮುಂದಾಗಲಿ, ಮೇಷ್ಟ್ರ ಮುಂದಾಗಲಿ, ಮಠದ ಸ್ವಾಮಿಗಳ ಮುಂದಾಗಲಿ ಸಂಕಟ ತೋಡಿಕೊಂಡರೆ ‘ಹೀಗೆ ಮಾಡು’ ಎಂಬ ಮಾತೊಂದು ಸಿಕ್ಕೇ ಸಿಗುತ್ತದೆ. ನಾವು ಬೆಳೆದದ್ದೇ ಹಾಗೆ. ಇದನ್ನು ಗಮನಿಸಿದ ಮನೋವೈದ್ಯ ಜಸ್ವಂತ್ ಸಿಂಗ್ ನೇಕಿ, ಭಾರತೀಯರ ಚಿಕಿತ್ಸೆಗೆ ಗುರು-ಶಿಷ್ಯ ಸಂಬಂಧವೇ ಮಾದರಿ ಆಗಬಹುದೆಂದು 1973ರಲ್ಲೇ ಬರೆದರು. ಹಾಗಾಗಿ ದಾರಿ ತೋರಿಸುವವರು ಬೇಕೆನಿಸಿದ್ದರೆ ಮೊದಲ ದಿನವೇ ಹೇಳಿಬಿಡಿ. ತಿಳಿದವರು ತಮ್ಮ ರೀತಿಯನ್ನು ಸ್ವಲ್ಪ ಬದಲಿಸಿಕೊಳ್ಳುತ್ತಾರೆ, ಇಲ್ಲವೇ ಯಾಕೆ ಸಲಹೆ ಕೊಡುತ್ತಿಲ್ಲ ಎಂದು ವಿವರಿಸುತ್ತಾರೆ.

ಬರೀ ಮಾತಿನಿಂದ ಗುಣವಾಗುತ್ತದೆಯೇ? 1952ರಲ್ಲಿ ಹ್ಯಾನ್ಸ್ ಐಸೆಂಕ್ ಎಂಬ ಮನೋವಿಜ್ಞಾನಿ, ಅದಕ್ಕೆ ಪುರಾವೆಯೇ ಇಲ್ಲ ಎಂದು ದೊಡ್ಡ ರಂಪ ಎಬ್ಬಿಸಿದ್ದ. ಉತ್ತರ ಬರಲು ಕಾಲು ಶತಮಾನ ಹಿಡಿಯಿತು. 1977ರಲ್ಲಿ ಮೇರಿ ಲೀ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಹಾಕಿ ಲೆಕ್ಕ ಮಾಡಿದಾಗ, ಚಿಕಿತ್ಸೆ ಪಡೆದ ಸಾಧಾರಣ ವ್ಯಕ್ತಿಯ ಸ್ಥಿತಿ, ಪಡೆಯದವರಲ್ಲಿ ಮುಕ್ಕಾಲು ಪಾಲು ಜನರಿಗಿಂತ ಮೇಲಾಗಿತ್ತು. ಪದ್ಧತಿಗಳ ನಡುವೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಕೆಲಸ ಮಾಡುವುದು ಯಾವುದು? ಎಡ್ವರ್ಡ್ ಬಾರ್ಡಿನ್ 1979ರಲ್ಲಿ ಚಿಕಿತ್ಸಕರ ಜೊತೆಗಿನ ನಂಟಿನ ಮೂರು ಎಳೆ ಬಿಡಿಸಿಟ್ಟರು: ಎಲ್ಲಿಗೆ ಮುಟ್ಟಬೇಕು, ಅದಕ್ಕೆ ಇಬ್ಬರೂ ಏನೇನು ಮಾಡಬೇಕು ಎಂಬ ಒಪ್ಪಂದ, ಜೊತೆಗೆ ಪರಸ್ಪರ ನಂಬಿಕೆ. ಆಮೇಲಿನ ಸಂಶೋಧನೆಗಳಲ್ಲೂ ಈ ನಂಟು ಗಟ್ಟಿಯಿದ್ದಲ್ಲಿ ಫಲ ಹೆಚ್ಚು. ಮೊದಲೆರಡು ಭೇಟಿಗಳಲ್ಲಿ ಅವರು ನಿಮ್ಮನ್ನು ಅಳೆಯುವಷ್ಟೇ ನೀವೂ ಅವರನ್ನು ಅಳೆಯಬಹುದು. ಹೊಂದದಿದ್ದರೆ ಬೇರೊಬ್ಬರನ್ನು ನೋಡಿ. ದಾಕ್ಷಿಣ್ಯಕ್ಕೆ ಬಿದ್ದು ಆರು ತಿಂಗಳು ಫೀಸು ಕಟ್ಟಿದವರೂ ಇದ್ದಾರೆ!

ಅದಕ್ಕೂ ಮೊದಲು ಅವರ ಓದು ಏನೆಂದು ಕೇಳಿ. ‘ಕೌನ್ಸೆಲರ್’ ಎಂಬ ಬೋರ್ಡಿನ ಹಿಂದೆ ನಾಲ್ಕು ವಾರಾಂತ್ಯದ ಕೋರ್ಸೂ ಇರಬಹುದು, ಆಸ್ಪತ್ರೆಯ ವಾರ್ಡುಗಳಲ್ಲಿ ವರ್ಷಗಟ್ಟಲೆ ಪಳಗಿದ ಅನುಭವವೂ ಇರಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ನಂಬರು ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ನಿಮಗೆ ಉತ್ತರ ಸಿಕ್ಕಂತೆಯೇ. ಮಾತ್ರೆ ಬರೆಯುವವರು ಮನೋವೈದ್ಯರು, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದಿದ ಡಾಕ್ಟರು. ಒಮ್ಮೆ ರಕ್ತಪರೀಕ್ಷೆ ಮಾಡಿಸುವುದೂ ಒಳ್ಳೆಯದು: ಥೈರಾಯ್ಡ್ ಮಂದವಾದಾಗ ಬರುವ ಸುಸ್ತು, ನಿರುತ್ಸಾಹ ಥೇಟ್ ಖಿನ್ನತೆಯಂತೆಯೇ ಕಾಣುತ್ತದೆ.

ಎಷ್ಟು ದಿನ ಹೋಗಬೇಕು? 1986ರಲ್ಲಿ ಕೆನೆತ್ ಹೋವರ್ಡ್ ತಂಡ ಹಳೆಯ ದಾಖಲೆಗಳನ್ನು ಜಾಲಾಡಿದಾಗ, ಎಂಟನೇ ಸೆಷನ್ ಹೊತ್ತಿಗೆ ಸುಮಾರು ಅರ್ಧದಷ್ಟು ಜನರಲ್ಲಿ ಸುಧಾರಣೆ ಕಂಡಿತ್ತು. ನಡುವೆ ಒಂದೆರಡು ವಾರ ಸಂಕಟ ಹೆಚ್ಚಿದಂತೆ ಅನಿಸಬಹುದು, ಮುಚ್ಚಿಟ್ಟದ್ದು ಮೇಲೆ ಬರುತ್ತಿರುತ್ತದೆ. ತಿಂಗಳುಗಳೇ ಕಳೆದರೂ ಹಾಗೆಯೇ ಇದ್ದರೆ ಅವರೊಡನೆಯೇ ಮಾತೆತ್ತಿ. ಸೆಷನ್ ತಪ್ಪಿಸಿದರೆ ಹಣ ಕಟ್ಟಬೇಕೇ ಎಂಬುದನ್ನಂತೂ ಮೊದಲೇ ತಿಳಿದುಕೊಳ್ಳಿ.

‘ನಮ್ಮ ಹುಡುಗ ಏನು ಹೇಳಿದ?’ ಎಂದು ಮನೆಯವರು ಫೋನು ಮಾಡುವುದುಂಟು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಗೋಪ್ಯತೆ ರೋಗಿಯ ಹಕ್ಕು. ಜೀವಕ್ಕೆ ಅಪಾಯವಿದೆ ಎನಿಸಿದಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅದು ಸಡಿಲವಾಗುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ತಿಳಿಸಲೇಬೇಕು. ಇನ್ನು, ಸಾಯಬೇಕೆನ್ನಿಸುವ ರಾತ್ರಿಗೆ ಮುಂದಿನ ಗುರುವಾರದ ಅಪಾಯಿಂಟ್‌ಮೆಂಟ್ ಉಪಯೋಗಕ್ಕೆ ಬಾರದು. ಆಗ ಟೆಲಿ-ಮಾನಸ್ ಸಹಾಯವಾಣಿ, 14416. ಹಗಲಿರುಳೂ ಸಿಗುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಭಾಷೆಯ ಮಾತು ಬಂತಲ್ಲ, ಬೆಂಗಳೂರಿನಲ್ಲಿ ಇದನ್ನೇ ಮೊದಲು ಕೇಳಬೇಕೇನೋ. ನಮ್ಮ ‘ಬೇಜಾರು’ ಒಂದೇ ಪದದಲ್ಲಿ ದುಃಖವೂ ಇದೆ, ಸಿಟ್ಟೂ ಇದೆ, ಹೊತ್ತು ಹೋಗದ ಸಂಕಟವೂ ಇದೆ. ಆಫೀಸಿನಲ್ಲಿ ಇಂಗ್ಲಿಷನ್ನು ನೀರು ಕುಡಿದಂತೆ ಆಡುವವರೂ ಅಪ್ಪನ ಜೊತೆಗಿನ ಜಗಳ ಹೇಳಹೊರಟಾಗ ತಡವರಿಸುತ್ತಾರೆ. ಆ ಜಗಳ ನಡೆದದ್ದು ಕನ್ನಡದಲ್ಲಿ. ಅಪಾಯಿಂಟ್‌ಮೆಂಟ್‌ಗೆಂದು ಫೋನು ಮಾಡಿದಾಗಲೇ ಕೇಳಿಬಿಡಿ, ‘ನಿಮಗೆ ಕನ್ನಡ ಬರುತ್ತಾ?’