ನಿಶಿಕಿ ಮಾರ್ಕೆಟ್: ಬಾವಿ ನೀರು ಬೆಳೆಸಿದ, ತರಕಾರಿ ವ್ಯಾಪಾರಿಯೊಬ್ಬರು ಉಳಿಸಿದ ಬೀದಿ

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಟೋಕಿಯೋ, ಒಸಾಕಾ ಕಡೆ ಹೋಗುವ ನಮ್ಮ ಜನ ಒಂದು ವೀಕೆಂಡ್ ಕ್ಯೋಟೋ ನೋಡದೆ ವಾಪಸ್ ಬರೋದು ಕಡಿಮೆ. ಹೋದವರು ನಿಶಿಕಿ ಮಾರ್ಕೆಟ್‌ನಲ್ಲಿ ಅರ್ಧ ಗಂಟೆ ಸುತ್ತಿ, ಕಡ್ಡಿಗೆ ಚುಚ್ಚಿದ ಪುಟ್ಟ ಆಕ್ಟೋಪಸ್‌ನ ಫೋಟೋ ತೆಗೆದುಕೊಂಡು ಹೊರಡ್ತಾರೆ. ಆದರೆ ಆ ಬೀದಿ ಅಲ್ಲೇ ಯಾಕೆ ಹುಟ್ಟಿತು, ಇವತ್ತಿನವರೆಗೂ ಹೇಗೆ ಉಳಿಯಿತು ಅನ್ನೋದು ಗೊತ್ತಿದ್ದರೆ, ಅದೇ ಅರ್ಧ ಗಂಟೆಯಲ್ಲಿ ಕಾಣೋದೇ ಬೇರೆ. ಇವತ್ತು ಅದನ್ನೇ ಮಾತಾಡೋಣ.

ಮೊದಲು ನೀರು

ನಿಶಿಕಿ ಅಂದರೆ ಸುಮಾರು 390 ಮೀಟರ್ ಉದ್ದದ ಒಂದು ಇಕ್ಕಟ್ಟಾದ ಬೀದಿ. ಮೇಲೆ ಕೆಂಪು, ಹಳದಿ, ಹಸಿರು ಬಣ್ಣದ ಚಾವಣಿ, ಎರಡೂ ಕಡೆ ನೂರಕ್ಕೂ ಹೆಚ್ಚು ಅಂಗಡಿ. ಕ್ಯೋಟೋ ಜನ ಇದನ್ನು ‘ಕ್ಯೋಟೋದ ಅಡುಗೆಮನೆ’ ಅಂತಲೇ ಕರೀತಾರೆ.

ಆದರೆ ಕ್ಯೋಟೋಗೆ ಸಮುದ್ರ ಇಲ್ಲ. ಸುತ್ತ ಬೆಟ್ಟ. ಹಾಗಾದರೆ ಮೀನಿನ ಮಾರ್ಕೆಟ್ ಹೇಗೆ ಬಂತು? ಉತ್ತರ ನೆಲದಡಿ ಇದೆ. ಈ ಬೀದಿಯ ಕೆಳಗೆ ಬೇಸಿಗೆಯಲ್ಲೂ ತಂಪಾಗಿರುವ ಅಂತರ್ಜಲ ಧಾರಾಳವಾಗಿತ್ತು. ಫ್ರಿಜ್ ಇಲ್ಲದ ಕಾಲದಲ್ಲಿ ವ್ಯಾಪಾರಿಗಳು ಬಾವಿಯ ಆ ತಂಪನ್ನು ನಂಬಿ ಮೀನು, ಕೋಳಿ, ತರಕಾರಿ ಕೆಡದಂತೆ ಇಡುತ್ತಿದ್ದರು. 1615ರಲ್ಲಿ ಇಲ್ಲಿನ ಮೀನು ವ್ಯಾಪಾರಕ್ಕೆ ಸರ್ಕಾರದ ಅನುಮತಿ ಸಿಕ್ಕಿತು. ಬೀದಿಯ ಪೂರ್ವ ತುದಿಯ ನಿಶಿಕಿ ತೆನ್‌ಮಂಗು ದೇವಸ್ಥಾನದಲ್ಲಿ ಇವತ್ತಿಗೂ ಆ ನೀರು ಹರೀತಿದೆ. ನಾನು ನಿಂತಿದ್ದಾಗ ಸ್ಥಳೀಯರು ಬಾಟಲಿ ತಂದು ತುಂಬಿಸಿಕೊಂಡು ಹೋಗ್ತಿದ್ದರು. ನಾನೂ ಕುಡಿದೆ. ಮಣ್ಣಿನ ಹೂಜಿಯ ನೀರಿನ ಹಾಗೆ ಹಿತವಾದ ತಂಪು.

1963ರಲ್ಲಿ ಪಕ್ಕದ ಶಿಜೋ ರಸ್ತೆಯ ಅಡಿಯಲ್ಲಿ ರೈಲು ಶುರುವಾಯಿತು. ಆ ಸುರಂಗದ ಕೆಲಸದಿಂದ ಹಳೆಯ ಬಾವಿಗಳು ಬತ್ತಿದವು. ಅಂಗಡಿಯವರು ಸುಮ್ಮನೆ ಕೂರಲಿಲ್ಲ. ಒಟ್ಟಾಗಿ ಇನ್ನೂ ಆಳದ ಬಾವಿ ತೋಡಿಸಿಕೊಂಡರು.

ಆಮೇಲೆ ಒಬ್ಬ ಮನುಷ್ಯ

ಬೀದಿಯ ಪಶ್ಚಿಮ ತುದಿಗೆ ಹೋದರೆ ಇತೋ ಜಾಕುಚು ಅನ್ನೋ ಚಿತ್ರಕಾರರ ನೆನಪಿನ ಗುರುತು ಸಿಗುತ್ತೆ. ಅಂಗಡಿ ಮುಚ್ಚಿದ ಮೇಲೆ ಬಂದರೆ ಇನ್ನೂ ಚೆನ್ನ, ಹಲವು ಶಟರ್‌ಗಳ ಮೇಲೆ ಅವರದೇ ಚಿತ್ರಗಳಿವೆ. ಹುಂಜದ ಚಿತ್ರಗಳಿಗೆ ಜಗತ್ತೇ ಅವರನ್ನು ಗುರುತಿಸುತ್ತೆ. ಆದರೆ ಅವರು 1716ರಲ್ಲಿ ಹುಟ್ಟಿದ್ದು ಇದೇ ಬೀದಿಯ ತರಕಾರಿ ಸಗಟು ವ್ಯಾಪಾರಿಯ ಮನೆಯಲ್ಲಿ. ತಂದೆ ತೀರಿಕೊಂಡ ಮೇಲೆ ಅಂಗಡಿ ನೋಡಿಕೊಂಡರು. ನಲವತ್ತರ ಹೊತ್ತಿಗೆ ವ್ಯಾಪಾರವನ್ನು ತಮ್ಮನಿಗೆ ಒಪ್ಪಿಸಿ ಪೂರ್ತಿ ಚಿತ್ರಕ್ಕೆ ಕೂತರು.

1771ರ ಕೊನೆಯಲ್ಲಿ ಗೋಜೋ ಕಡೆಯ ಎದುರಾಳಿ ಮಾರ್ಕೆಟ್‌ನಿಂದ ಕಾಟ ಶುರುವಾಯಿತು. ನಿಶಿಕಿಯ ತರಕಾರಿ ವ್ಯಾಪಾರವೇ ನಿಂತುಹೋಗುವ ಸ್ಥಿತಿ. ಆಗ ಜಾಕುಚು ಕುಂಚ ಬದಿಗಿಟ್ಟು, ತಮ್ಮ ಕೇರಿಯ ಹಿರಿಯರಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ನಿಮ್ಮ ಕೇರಿಗೆ ಮಾತ್ರ ಅನುಮತಿ ಕೊಡಿಸ್ತೀವಿ, ಉಳಿದವರ ಗೊಡವೆ ಬಿಡಿ ಅಂತ ಆಮಿಷವೂ ಬಂತು. ಅವರು ಒಪ್ಪಲಿಲ್ಲ. ತರಕಾರಿ ತರುವ ರೈತರಿಗೂ ಈ ಮಾರ್ಕೆಟ್ ಬೇಕು ಅನ್ನೋದನ್ನು ಮುಂದಿಟ್ಟರು. 1774ರಲ್ಲಿ, ವರ್ಷ ವರ್ಷ ಸರ್ಕಾರಕ್ಕೆ ಬೆಳ್ಳಿ ಕಟ್ಟುವ ಷರತ್ತಿನ ಮೇಲೆ, ಮತ್ತೆ ಅನುಮತಿ ಸಿಕ್ಕಿತು.

ಅವರದೊಂದು ಚಿತ್ರದಲ್ಲಿ ಬುದ್ಧನ ಮಹಾಪರಿನಿರ್ವಾಣ ಇದೆ. ಅದರಲ್ಲಿ ಮಲಗಿರುವ ಬುದ್ಧ ಒಂದು ಮೂಲಂಗಿ! ಸುತ್ತ ಕೂತು ಅಳುವ ಶಿಷ್ಯರೆಲ್ಲ ಕುಂಬಳ, ಬದನೆ, ಟರ್ನಿಪ್, ಅಣಬೆ. ಮೊದಲು ನೋಡಿದಾಗ ನನಗೆ ನಗು ಬಂತು. ಈ ಕಥೆ ತಿಳಿದ ಮೇಲೆ ಮತ್ತೆ ನೋಡಿದೆ. ತರಕಾರಿಯಿಂದ ಬದುಕಿದ ಮನೆಯವರಿಗೆ ಅದು ತಮಾಷೆ ಮಾತ್ರ ಆಗಿರಲಾರದು.

ಸಗಟಿನಿಂದ ಚಿಲ್ಲರೆಗೆ

1927ರಲ್ಲಿ ಕ್ಯೋಟೋದಲ್ಲಿ ಜಪಾನಿನ ಮೊದಲ ಕೇಂದ್ರ ಸಗಟು ಮಾರುಕಟ್ಟೆ ತೆರೆಯಿತು. ನಿಶಿಕಿಯ ಹಲವರು ಅಲ್ಲಿಗೆ ಹೋದರು. ಉಳಿದವರು ಚಿಲ್ಲರೆ ವ್ಯಾಪಾರಕ್ಕೆ ಇಳಿದರು. ಮನೆಯವರಿಗೂ ಹೋಟೆಲ್ ಬಾಣಸಿಗರಿಗೂ ಬೇಕಾದ ಒಳ್ಳೆ ಮಾಲು ಇಡೋದೇ ಅವರ ಗುರುತಾಯಿತು. 1560ರಲ್ಲಿ ಕತ್ತಿ ಮಾಡುವ ಕುಲುಮೆಯಾಗಿ ಶುರುವಾದ ಅರಿತ್ಸುಗು ಈಗ ಇಲ್ಲಿ ಅಡುಗೆ ಚಾಕು ಮಾರುತ್ತೆ.

ಈಗಿನ ಕಷ್ಟ ಬೇರೆ. ಗಿರಾಕಿ ಇಲ್ಲ ಅಂತಲ್ಲ, ನಮ್ಮಂಥ ಪ್ರವಾಸಿಗಳೇ ಜಾಸ್ತಿ. ಕೈಯಲ್ಲಿ ಕಡ್ಡಿ ಹಿಡಿದು ತಿನ್ನುತ್ತಾ ನಿಂತವರ ಮಧ್ಯೆ ರಾತ್ರಿ ಊಟಕ್ಕೆ ತೋಫು ಕೊಳ್ಳಲು ಬಂದ ಅಜ್ಜಿಗೆ ದಾರಿ ಎಲ್ಲಿ? ಅವರು ಸೂಪರ್ ಮಾರ್ಕೆಟ್‌ಗೆ ಹೋಗ್ತಾರೆ. ಆಮೇಲೆ ಉಪ್ಪಿನಕಾಯಿ ಅಂಗಡಿ ಜಾಗದಲ್ಲಿ ಇನ್ನೊಂದು ಕಡ್ಡಿ ಅಂಗಡಿ ಬರುತ್ತೆ. ನಡೆಯುತ್ತಾ ತಿನ್ನಬೇಡಿ ಅನ್ನುವ ಬೋರ್ಡ್‌ಗಳನ್ನು ಈ ಹಿನ್ನೆಲೆಯಲ್ಲಿ ಓದಿ. ಕೊಂಡ ಅಂಗಡಿ ಮುಂದೆಯೇ ತಿಂದು ಮುಗಿಸೋದು ಅಲ್ಲಿನ ರೀತಿ.

ಸಸ್ಯಾಹಾರಿಗಳಿಗೆ ಒಂದು ಮಾತು

ಜಪಾನಿ ಅಡುಗೆಯ ಬುನಾದಿ ದಾಶಿ ಅನ್ನೋ ತಿಳಿಸಾರು. ಸಾಮಾನ್ಯವಾಗಿ ಕೊಂಬು ಅನ್ನೋ ಸಮುದ್ರದ ಪಾಚಿ, ಜೊತೆಗೆ ಒಣಗಿಸಿ ಹೆರೆದ ಮೀನು ಹಾಕಿ ಮಾಡ್ತಾರೆ. ಹಾಗಾಗಿ ಬೇಯಿಸಿದ ತರಕಾರಿಯಲ್ಲೂ ಮೀನು ಇರಬಹುದು, ಕೇಳಿಯೇ ತಿನ್ನಿ. ಯುಬಾ, ಅಂದರೆ ಸೋಯಾ ಹಾಲಿನ ಕೆನೆ, ಸಾದಾ ಆಗಿಯೂ ಸಿಗುತ್ತೆ. ತೆಳ್ಳಗೆ ಹೆಚ್ಚಿದ ಟರ್ನಿಪ್‌ನ ಸೆನ್‌ಮೈಜುಕೆ ಉಪ್ಪಿನಕಾಯಿ ಚಳಿಗಾಲದ್ದು. ಅದಕ್ಕೂ ಕೊಂಬು ಹಾಕ್ತಾರೆ.

ಈ ಕೊಂಬು ಹೊಕ್ಕೈಡೋದಿಂದ ಹಡಗಿನಲ್ಲಿ ಬಂದು, ಆಮೇಲೆ ಬೆಟ್ಟ ದಾಟಿ ಕ್ಯೋಟೋ ಸೇರುತ್ತಿತ್ತು. ಒಂದು ಪ್ಯಾಕೆಟ್ ತಗೊಂಡು ಬನ್ನಿ. ಹಗುರ, ಕೆಡಲ್ಲ, ಬ್ಯಾಗಿನ ಮೂಲೆಯಲ್ಲಿ ಹಿಡಿಯುತ್ತೆ. ಮನೆಯಲ್ಲಿ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ಮೀನಿಲ್ಲದ ದಾಶಿ ರೆಡಿ. ಕಡ್ಡಿ ತಿಂಡಿಗೆ ಕೊಡುವ ದುಡ್ಡಿನಲ್ಲಿ ಒಂದಿಷ್ಟು ಹಳೆಯ ಕೊಂಬು ಅಂಗಡಿಗೂ ಹೋಗಲಿ. ನೀವು ಹೋಗಿದ್ದರೆ ಏನು ಕೊಂಡಿರಿ ಅಂತ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಸಿಗೋಣ.