‘ಗೇರ್ ಬೀಳವಲ್ದು!’: ಎಂಜಿನ್ ಬಿಚ್ಚಿಸುವ ಮುನ್ನ ನೋಡಬೇಕಾದ್ದು

ಗೋಕಾಕದಿಂದ ಫಾಲ್ಸ್‌ಗೆ ಹೋಗುವ ಏರಿನಲ್ಲಿ ಬೈಕು ಗೇರ್ ಹಿಡಿಯದೆ ನಿಂತರೆ ಸವಾರನ ಪಾಡು ಕೇಳುವುದೇ ಬೇಡ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ ಎಲ್ಲವನ್ನೂ ಹೊರುವ ಈ ಭಾಗದ ಬೈಕುಗಳಲ್ಲಿ ಕ್ಲಚ್ಚು, ಗೇರು ಬೇಗ ಸವೆಯುತ್ತವೆ. ‘ಗೇರ್ ಬೀಳವಲ್ದು’ ಎಂದು ಗ್ಯಾರೇಜಿಗೆ ಹೋದಾಗ ‘ಎಂಜಿನ್ ಬಿಚ್ಚಬೇಕ್ರಿ’ ಎಂದರೆ ಸಾವಿರಾರು ರೂಪಾಯಿಯ ಮಾತು. ಆದರೆ ದೋಷ ಎಷ್ಟೋ ಸಲ ಎಂಜಿನ್ನಿನ ಹೊರಗೇ ಇರುತ್ತದೆ. ಆದ್ದರಿಂದ ಹೊರಗಿನಿಂದ ಒಳಕ್ಕೆ ಹುಡುಕುತ್ತ ಹೋಗುವುದೇ ಸರಿಯಾದ ಕ್ರಮ.

ಗೇರ್ ಬೀಳುವುದು ಹೇಗೆ?

ಗೇರ್‌ಬಾಕ್ಸಿನಲ್ಲಿ ಎರಡು ಶಾಫ್ಟುಗಳ ಮೇಲಿನ ಹಲ್ಲುಚಕ್ರಗಳು ಯಾವಾಗಲೂ ಒಂದಕ್ಕೊಂದು ಕೂಡಿಕೊಂಡೇ ಇರುತ್ತವೆ. ನಾವು ಲಿವರ್ ತುಳಿದಾಗ ಗೇರ್ ಡ್ರಮ್ ಒಂದು ಮನೆ ತಿರುಗುತ್ತದೆ. ಡ್ರಮ್ಮಿನ ಮೈಮೇಲೆ ಕೊರೆದ ಗೆರೆಯಲ್ಲಿ ಸಿಕ್ಕಿಕೊಂಡ ಫೋರ್ಕು ಒಂದು ಚಕ್ರವನ್ನು ಪಕ್ಕಕ್ಕೆ ಸರಿಸುತ್ತದೆ. ಆ ಚಕ್ರದ ಬದಿಯಲ್ಲಿರುವ ದಪ್ಪ ಹಲ್ಲುಗಳು ನೆರೆಯ ಚಕ್ರದ ಕಿಂಡಿಗಳಲ್ಲಿ, ಎರಡು ಕೈಗಳ ಬೆರಳು ಹೆಣೆದಂತೆ, ಕೂತರೆ ಗೇರ್ ಬಿತ್ತು. ಇದಕ್ಕೆ ಎರಡು ಬೇಕು: ಹಲ್ಲಿನ ಎದುರಿಗೆ ಕಿಂಡಿ ಬರಬೇಕು, ಎಂಜಿನ್ನಿನ ಬಲ ಕ್ಲಚ್ಚಿನಲ್ಲೇ ಕಡಿಯಬೇಕು.

ಎಂಜಿನ್ ಬಂದ್ ಇದ್ದು ಗಾಡಿ ನಿಂತೇ ಇದ್ದಾಗ ಹಲ್ಲಿಗೆ ಹಲ್ಲೇ ಎದುರಾಗಿ ಗೇರ್ ಬೀಳದಿರಬಹುದು. ಇದು ದೋಷವೇ ಅಲ್ಲ. ಗಾಡಿಯನ್ನು ತುಸು ಹಿಂದ-ಮುಂದ ಮಾಡುತ್ತ ಲಿವರ್ ತುಳಿದರೆ ಬೀಳುತ್ತದೆ. ಬೇರೆಯವರ ಗಾಡಿ ಹತ್ತಿದವರು ಇನ್ನೊಂದು ನೆನಪಿಡಬೇಕು. ಸ್ಪ್ಲೆಂಡರಿನಲ್ಲಿ ನಾಲ್ಕೂ ಗೇರನ್ನು ಮುಂದಕ್ಕೆ ತುಳಿದೇ ಹಾಕಬೇಕು. ಪಲ್ಸರ್ 150ರಲ್ಲಿ ಒಂದನೆಯದು ಕೆಳಕ್ಕೆ, ಉಳಿದವು ಮೇಲಕ್ಕೆ.

ಪಾನಾ ಬೇಡದ ಪರೀಕ್ಷೆ

ಸಮತಟ್ಟು ಜಾಗದಲ್ಲಿ ಎಂಜಿನ್ ಬಂದ್ ಮಾಡಿ, ಗಾಡಿಯನ್ನು ಅಲುಗಿಸುತ್ತ ಒಂದನೇ ಗೇರಿಗೆ ಹಾಕಿ. ಬಿದ್ದರೆ ಕ್ಲಚ್ ಪೂರ್ತಿ ಹಿಡಿದು ಮುಂದಕ್ಕೆ ತಳ್ಳಿ. ಗಾಡಿ ಉರುಳಬೇಕು, ಕ್ಲಚ್ ಬಿಟ್ಟೊಡನೆ ಬಿಗಿಯಬೇಕು. ಕ್ಲಚ್ ಹಿಡಿದರೂ ಉರುಳದಿದ್ದರೆ ಕ್ಲಚ್ ಬಿಡುತ್ತಿಲ್ಲ ಎಂದರ್ಥ. ಎಂಜಿನ್ ಬಂದ್ ಇದ್ದಾಗ ಸಲೀಸಾಗಿ ಬೀಳುವ ಗೇರು ಚಾಲೂ ಮಾಡಿದ ಮೇಲೆ ಬೀಳದಿದ್ದರೆ, ಇಲ್ಲವೆ ಬೀಳುವಾಗ ‘ಖಟ್’ ಎಂದು ಗಾಡಿ ಮುಂದೆ ಜಿಗಿದರೆ, ಅದೂ ಕ್ಲಚ್ಚಿನದೇ ದೋಷ. ಎರಡೂ ಸ್ಥಿತಿಯಲ್ಲಿ ಬೀಳದಿದ್ದರೆ ಲಿವರ್ ಕಡೆ, ಆಮೇಲೆ ಗೇರ್‌ಬಾಕ್ಸಿನ ಕಡೆ ನೋಡಬೇಕು.

ಕ್ಲಚ್ ಕೇಬಲ್

ಕೈಲಿವರಿನ ತುದಿಯನ್ನು ಮೆಲ್ಲಗೆ ಎಳೆದು ನೋಡಿ. ಬಿಗಿ ಹತ್ತುವ ಮೊದಲು ತುದಿಯಲ್ಲಿ ಇರಬೇಕಾದ ಸಡಿಲು 100–125 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್. ಸಡಿಲು ಹೆಚ್ಚಾದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ, ಗೇರ್ ಬೀಳುವುದಿಲ್ಲ. ಸಡಿಲೇ ಇಲ್ಲದಿದ್ದರೆ ಪ್ಲೇಟು ಜಾರಿ, ಏರಿನಲ್ಲಿ ಎಂಜಿನ್ ಕೂಗುತ್ತದೆಯೇ ಹೊರತು ಗಾಡಿ ಏರುವುದಿಲ್ಲ. ಎಂಜಿನ್ ಬಳಿಯ ಅಡ್ಜಸ್ಟರಿನ ಲಾಕ್ ನಟ್ ಸಡಿಲಿಸಿ ಇದನ್ನು ಸರಿಮಾಡಬಹುದು.

ಅಡ್ಜಸ್ಟರ್ ಕೊನೆಯವರೆಗೆ ತಿರುಗಿದರೂ ಸಡಿಲು ಹೋಗದಿದ್ದರೆ ಕೇಬಲ್ ಹಿಗ್ಗಿದೆ. ಕೈಲಿವರಿನ ಬಳಿ, ಕೇಬಲ್ ತುದಿಯ ಗುಂಡಿನ ಪಕ್ಕದಲ್ಲಿ ಎಳೆಗಳು ಹರಿದಿವೆಯೇ ನೋಡಿ. ಒಂದೆರಡು ಎಳೆ ಕಿತ್ತಿದ್ದರೂ ಅದೇ ದಿನ ಬದಲಿಸಿ. ಗ್ಯಾರೇಜಿನ ಅತಿ ಅಗ್ಗದ ರಿಪೇರಿಗಳಲ್ಲಿ ಇದೂ ಒಂದು.

ಗೇರ್ ಲಿವರ್

ಗಾಡಿ ಎಡಕ್ಕೆ ಬಿದ್ದಾಗ ಲಿವರ್ ಬಾಗಿ ಫುಟ್‌ರೆಸ್ಟಿಗೋ ಕ್ರಾಶ್ ಗಾರ್ಡಿಗೋ ತಾಗುತ್ತದೆ. ಆಗ ಕಾಲು ಎಷ್ಟು ಒತ್ತಿದರೂ ಪೂರ್ತಿ ತುಳಿತ ಸಿಗುವುದಿಲ್ಲ. ಮಳೆಗಾಲದಲ್ಲಿ ಎರೆಹೊಲದ ದಾರಿಯಲ್ಲಿ ಓಡಾಡಿದ ಗಾಡಿಗೆ ಲಿವರಿನ ಸಂದಿಯಲ್ಲಿ ಮಣ್ಣು ಮೆತ್ತಿ ಗಟ್ಟಿಯಾಗುತ್ತದೆ. ಮೊದಲು ನೀರು ಹಾಕಿ ತೊಳೆಯಿರಿ. ಲಿವರ್ ಅಲ್ಲಾಡಿದರೂ ಶಾಫ್ಟ್ ತಿರುಗದಿದ್ದರೆ ಬೋಲ್ಟ್ ಸಡಿಲಾಗಿದೆ, ಇಲ್ಲವೆ ಲಿವರ್ ಒಳಗಿನ ಹಲ್ಲು ಸವೆದಿವೆ. ಬಿಗಿ ಮಾಡಿದರೂ ಜಾರಿದರೆ ಹೊಸ ಲಿವರ್ ಹಾಕಿಸುವುದೇ ಸರಿ.

ಆಯಿಲ್ ಮತ್ತು ನೆರೆಯ ನೀರು

ನಮ್ಮ ಬಹುತೇಕ ಬೈಕುಗಳ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್ಲಿನಲ್ಲೇ ಮುಳುಗಿರುತ್ತವೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಅವು ಒಂದಕ್ಕೊಂದು ಅಂಟಿಕೊಳ್ಳಬಹುದು. ಎಂಜಿನ್ ಬಿಸಿಯಾದ ಮೇಲೆ ಕ್ಲಚ್ ಹಲವು ಸಲ ಹಿಡಿದು ಬಿಟ್ಟರೆ ಬಿಡಿಸಿಕೊಳ್ಳುತ್ತವೆ. ಆಯಿಲ್ ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಗುರುತು ಇರಲಿ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರಬಹುದು.

2019ರ ಆಗಸ್ಟಿನಲ್ಲಿ ಘಟಪ್ರಭಾ ಉಕ್ಕಿ ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಓಣಿಗಳಿಗೂ ನೀರು ನುಗ್ಗಿತ್ತು. ಅಂಥ ನೀರಿನಲ್ಲಿ ಮುಳುಗಿದ ಗಾಡಿಯನ್ನು ಚಾಲೂ ಮಾಡುವ ಮೊದಲು ಆಯಿಲ್ ನೋಡಲೇಬೇಕು. ಅದು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ. ಹಾಗೇ ಓಡಿಸಿದರೆ ಬೇರಿಂಗು, ಗೇರು, ಕ್ಲಚ್ಚು ಎಲ್ಲಕ್ಕೂ ಕೇಡು.

ದೋಷ ಒಳಗಿದ್ದರೆ

ತುಳಿದ ಲಿವರ್ ತಾನಾಗಿ ಮೊದಲಿನ ಜಾಗಕ್ಕೆ ಬರದಿದ್ದರೆ ಗೇರ್ ಶಾಫ್ಟಿನ ಸ್ಪ್ರಿಂಗ್ ಮುರಿದಿರುವ ಸಾಧ್ಯತೆ ಹೆಚ್ಚು. ಸ್ಪ್ಲೆಂಡರಿನಂಥ ಗಾಡಿಗಳಲ್ಲಿ ಈ ಸ್ಪ್ರಿಂಗು, ಡ್ರಮ್ಮಿನ ತುದಿಯ ಸ್ಟಾರು, ಕ್ಲಚ್ ಪ್ಲೇಟುಗಳು ಬಲಬದಿಯ ಕವರಿನ ಹಿಂದೆಯೇ ಇವೆ. ಆಯಿಲ್ ಇಳಿಸಿ ಕವರ್ ತೆಗೆದರೆ ಸಾಕು. ಎಂಜಿನ್ ಕೆಳಗಿಳಿಸುವುದು ಬೇಡ.

ಒಂದು ಗೇರ್ ಬಿದ್ದು ಮತ್ತೊಂದು ಬೀಳದಿದ್ದರೆ, ಬಿದ್ದದ್ದು ಭಾರ ಹತ್ತಿದಾಗ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂದರೆ, ಫೋರ್ಕು ಬಾಗಿರಬಹುದು ಅಥವಾ ಚಕ್ರದ ಬದಿಹಲ್ಲು ಸವೆದಿರಬಹುದು. ಆಗ ಮಾತ್ರ ಎಂಜಿನ್ ಇಳಿಸಿ ಎರಡು ಭಾಗ ಮಾಡುವುದು ಅನಿವಾರ್ಯ. ಗೇರ್ ಬಿದ್ದೂ ಗಾಡಿ ಓಡದಿದ್ದರೆ ಮೊದಲು ಚೈನ್ ಕಳಚಿದೆಯೇ ನೋಡಿ, ಆಮೇಲೆ ಮುಂದಿನ ಸ್ಪ್ರಾಕೆಟ್, ಆಮೇಲೆ ಕ್ಲಚ್ ಪ್ಲೇಟು.

ಏನೇ ಇರಲಿ, ಬೀಳದ ಗೇರನ್ನು ಹಿಮ್ಮಡಿಯಿಂದ ಗುದ್ದಿ ಹಾಕಬೇಡಿ. ನೂರಿನ್ನೂರರಲ್ಲಿ ಮುಗಿಯುವ ಕೇಬಲ್ ಕೆಲಸ ಬಾಗಿದ ಫೋರ್ಕಿಗೆ ಮುಟ್ಟುವುದು ಹೀಗೆಯೇ. ಗ್ಯಾರೇಜಿಗೆ ಹೋದಾಗ ಕೇಬಲ್, ಲಿವರ್ ಎರಡನ್ನೂ ನೋಡಿಯೇ ಬಂದಿದ್ದೀರಿ ಎಂದು ಹೇಳಿ, ‘ಬಲಗಡೆ ಕವರಷ್ಟೇ ತೆಗೀತೀರೋ, ಇಡೀ ಎಂಜಿನ್ ಬಿಚ್ಚತೀರೋ?’ ಎಂದು ಕೇಳಿ. ಉತ್ತರ ಸ್ಪಷ್ಟವಾಗಿ ಸಿಕ್ಕ ಮೇಲೆ ಪಾನಾ ಹಚ್ಚಲು ಬಿಡಿ.