ತೊಟ್ಟಿಲ ಬಳಿಗೆ ಏನನ್ನು ಒಯ್ಯೋಣ?

ಮದುವೆಗೆ ಉಡುಗೊರೆ ಕೊಳ್ಳುವುದು ಅಷ್ಟೇನೂ ಕಠಿನವಾದ ಕೆಲಸವಲ್ಲ. ಹೊಸ ಸಂಸಾರಕ್ಕೆ ಬೇಕಾದುದೇನು, ಬೇಡವಾದುದೇನು ಎಂಬುದನ್ನು ಊಹಿಸಬಹುದು. ಊಹೆ ತಪ್ಪಿದರೂ ದಂಪತಿಗಳು ನಕ್ಕು, ಬಂದುದನ್ನು ಒಳಗಿಟ್ಟುಕೊಳ್ಳುತ್ತಾರೆ. ನಾಮಕರಣಕ್ಕೆ ಹೊರಟವನ ಪಾಡು ಬೇರೆ. ಅಲ್ಲಿಯ ಉತ್ಸವಮೂರ್ತಿ ಹನ್ನೆರಡು ದಿನದ, ಹೆಚ್ಚೆಂದರೆ ಮೂರು ತಿಂಗಳ ಕೂಸು. ಅದಕ್ಕೆ ಬೇಕಾದುದು ಮೂರೇ ಮೂರು: ಹಾಲು, ನಿದ್ರೆ, ತಾಯಿಯ ಮೈಯ ಬಿಸುಪು. ಈ ಮೂರನ್ನೂ ಯಾವ ಅಂಗಡಿಯವನೂ ಮಾರುವುದಿಲ್ಲ. ಆದರೂ ಬರಿಗೈಯಲ್ಲಿ ಕೂಸನ್ನು ನೋಡಬಾರದೆಂದು ಹಿರಿಯರು ಹೇಳಿಬಿಟ್ಟಿದ್ದಾರೆ. ಆದುದರಿಂದ ನಾವು ಬೆಳ್ಳಿಯಂಗಡಿಯ ಮುಂದೆ, ಬಟ್ಟೆಯಂಗಡಿಯ ಮುಂದೆ, ಆಟಿಕೆಗಳ ರಾಶಿಯ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತೇವೆ. ಕೊನೆಗೆ ನಾವು ಕೊಳ್ಳುವುದು ಕೂಸಿಗಾಗಿಯೋ, ಅದರ ತಂದೆತಾಯಿಗಳಿಗಾಗಿಯೋ, ನೆರೆದವರ ಕಣ್ಣಿಗಾಗಿಯೋ ಎಂಬುದು ನಮಗೇ ತಿಳಿಯದು.

ಈ ಪ್ರಶ್ನೆಯನ್ನು ಬಿಡಿಸುವ ಮೊದಲು ಆ ದಿನ ನಡೆಯುವುದೇನೆಂಬುದನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಅಂದು ಕೂಸಿಗೆ ಸಲ್ಲುವ ಮೊದಲ ಕಾಣಿಕೆ ಅದರ ಹೆಸರು. ಅದಕ್ಕೆ ಕಾಸಿನ ಖರ್ಚಿಲ್ಲ. ಆದರೆ ಉಳಿದ ಎಲ್ಲ ಕಾಣಿಕೆಗಳಿಗಿಂತ ಹೆಚ್ಚು ಕಾಲ ಬಾಳುವುದು ಅದೇ. ಆದುದರಿಂದಲೇ ನಮ್ಮ ಹಿಂದಿನವರು ಅದರ ವಿಷಯದಲ್ಲಿ ಬಹಳ ಯೋಚಿಸಿದರು. ಗಂಡುಮಗುವಿನ ಹೆಸರಿನಲ್ಲಿ ಸಮಸಂಖ್ಯೆಯ ಅಕ್ಷರಗಳೂ ಹೆಣ್ಣುಮಗುವಿನ ಹೆಸರಿನಲ್ಲಿ ಬೆಸಸಂಖ್ಯೆಯ ಅಕ್ಷರಗಳೂ ಇರಬೇಕೆಂದು ಆಶ್ವಲಾಯನ ಗೃಹ್ಯಸೂತ್ರ ವಿಧಿಸಿತು. ಹತ್ತನೆಯ ಅಥವಾ ಹನ್ನೆರಡನೆಯ ದಿನ ಹೆಸರಿಡಬೇಕೆಂದು ಮನುಸ್ಮೃತಿ ಹೇಳಿತು. ತಟ್ಟೆಯಲ್ಲಿ ಅಕ್ಕಿ ಹರಡಿ, ಚಿನ್ನದ ಉಂಗುರದಿಂದ ಹೆಸರನ್ನು ಬರೆದು, ಕಿವಿಯಲ್ಲಿ ಉಸುರುವ ಪದ್ಧತಿ ಇಂದಿಗೂ ಹಲವು ಮನೆಗಳಲ್ಲಿ ಉಳಿದಿದೆ. ಉತ್ತರ ಕರ್ನಾಟಕದ ಕಡೆ ಹೆಸರಿಡುವ ಹಕ್ಕು ಸೋದರತ್ತೆಯದು. ಆಕೆ ಕೂಸಿನ ಕಿವಿಯಲ್ಲಿ ಹೆಸರನ್ನು ಹೇಳುವಾಗ ಸುತ್ತಲಿನ ಹೆಂಗಳೆಯರು ನಗುನಗುತ್ತ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಇಷ್ಟು ಗುದ್ದು ತಿಂದು ಕೊಟ್ಟ ಹೆಸರನ್ನು ಯಾರು ತಾನೆ ಮರೆಯಲಾದೀತು!

ಉಳಿದ ಮತಗಳಲ್ಲಿಯೂ ಈ ಗಳಿಗೆಯ ಸುತ್ತ ಅರ್ಥವತ್ತಾದ ಆಚಾರಗಳುಂಟು. ಕಥೋಲಿಕ ಕ್ರೈಸ್ತರ ಜ್ಞಾನಸ್ನಾನದಲ್ಲಿ ಮಗುವಿಗೆ ಬಿಳಿಯ ವಸ್ತ್ರವನ್ನು ತೊಡಿಸಿ, ಅದರ ಹೆಸರಿನಲ್ಲಿ ಮೇಣದ ಬತ್ತಿಯೊಂದನ್ನು ಹೊತ್ತಿಸುತ್ತಾರೆ. ಮುಸ್ಲಿಮರ ಅಕೀಕಾದಲ್ಲಿ ಏಳನೆಯ ದಿನ ಮಗುವಿನ ತಲೆಗೂದಲನ್ನು ತೆಗೆದು, ಅದರ ತೂಕದಷ್ಟು ಬೆಳ್ಳಿಯನ್ನು ಬಡವರಿಗೆ ದಾನ ಮಾಡುವುದುಂಟು. ಈ ಕೊನೆಯ ಆಚಾರ ನನಗೆ ವಿಶೇಷವಾಗಿ ಹಿಡಿಸಿದೆ. ಲೋಕಕ್ಕೆ ಬಂದು ವಾರ ಕಳೆಯುವುದರೊಳಗೆ ಕೂಸು ಕೊಳ್ಳುವವರ ಸಾಲನ್ನು ಬಿಟ್ಟು ಕೊಡುವವರ ಸಾಲಿನಲ್ಲಿ ನಿಲ್ಲುತ್ತದೆ.

ಕೂಸಿಗೆ ಕಾಣಿಕೆ ಒಯ್ಯುವ ವಾಡಿಕೆ ಹೊಸದಲ್ಲ. ಪಂಪನ ಆದಿಪುರಾಣದಲ್ಲಿ ದೇವೇಂದ್ರನೇ ಬಂದು, ಹಸುಳೆಯಾದ ಆದಿನಾಥನನ್ನು ಮಂದರಗಿರಿಗೆ ಒಯ್ದು ಅಭಿಷೇಕ ಮಾಡಿ, ಆಭರಣಗಳನ್ನು ತೊಡಿಸುತ್ತಾನೆ. ಬೆತ್ಲೆಹೇಮಿಗೆ ಬಂದ ಮೂಡಣ ದೇಶದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳಗಳನ್ನು ತಂದರೆಂದು ಬೈಬಲ್ ಹೇಳುತ್ತದೆ. ಹದಿನಾರು ಹದಿನೇಳನೆಯ ಶತಮಾನಗಳ ಇಂಗ್ಲೆಂಡಿನಲ್ಲಿ ಜ್ಞಾನಸ್ನಾನದ ಪೋಷಕರು, ಹಿಡಿಯ ತುದಿಯಲ್ಲಿ ಕ್ರಿಸ್ತಶಿಷ್ಯರ ಪುಟ್ಟ ಮೂರ್ತಿಗಳಿದ್ದ ಬೆಳ್ಳಿಯ ಚಮಚಗಳನ್ನು ಕೊಡುತ್ತಿದ್ದರು. ಅನುಕೂಲಸ್ಥರು ಹದಿಮೂರು ಚಮಚಗಳ ಪೂರ್ಣ ಜೊತೆಯನ್ನೇ ಕೊಟ್ಟರೆ, ಸಾಧಾರಣರು ಒಂದೇ ಒಂದನ್ನು ಕೊಡುತ್ತಿದ್ದರಂತೆ. ಚಮಚಗಳ ಸಂಖ್ಯೆಯಿಂದ ಕೊಟ್ಟವರ ಅಂತಸ್ತನ್ನು ಎಣಿಸುವ ಚಪಲ ನಮಗೊಬ್ಬರಿಗೇ ಅಂಟಿದ್ದಲ್ಲವೆಂದು ಇದರಿಂದ ಸಮಾಧಾನಪಟ್ಟುಕೊಳ್ಳಬಹುದು.

ನಮ್ಮ ನಾಡಿನ ಹಳೆಯ ಉಡುಗೊರೆಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ ಅವುಗಳಲ್ಲಿ ವ್ಯರ್ಥವಾದುದು ಬಲು ಕಡಮೆ. ಕಿವಿ ಮುಚ್ಚುವಂತೆ ಗದ್ದದ ಕೆಳಗೆ ಕಟ್ಟುವ ಕುಲಾವಿ, ತಲೆಯಿಂದ ಬೆನ್ನಿನವರೆಗೆ ಇಳಿಬೀಳುವ ಕುಂಚಿಗೆ, ದಾರಕ್ಕೆ ಪೋಣಿಸಿದ ಬಜೆ, ಸೊಂಟಕ್ಕೆ ಉಡಿದಾರ, ಕಾಲಿಗೆ ಗೆಜ್ಜೆಯಿಟ್ಟ ಕಡಗ. ಗೆಜ್ಜೆ ಕೇವಲ ಅಲಂಕಾರವಲ್ಲ. ಅಡುಗೆಮನೆಯಲ್ಲಿರುವ ತಾಯಿಗೆ, ಅಂಬೆಗಾಲಿಕ್ಕುವ ಮಗು ಎತ್ತ ಹೋಯಿತೆಂಬುದನ್ನು ಅದು ತಿಳಿಸುತ್ತದೆ. ಹಾಲೆರೆಯುವ ಬೆಳ್ಳಿಯ ಒಳಲೆಯ ಕಥೆಯಂತೂ ಸ್ವಾರಸ್ಯವಾದುದು. ಅದು ಹಳೆಯ ಕಾಲದ್ದೆಂದು ಅಟ್ಟಕ್ಕೇರಿಸಿ ನಾವು ಸೀಸೆಯನ್ನು ತಂದೆವು. ಸೀಸೆಯ ಪ್ರಚಾರದಿಂದ ತಾಯ ಹಾಲಿಗೆ ಹಾನಿಯಾಗುತ್ತದೆಂದು 1992ರಲ್ಲಿ ಅದರ ಜಾಹೀರಾತನ್ನೇ ಕಾಯಿದೆಯಿಂದ ನಿಷೇಧಿಸಬೇಕಾಯಿತು. ಇತ್ತ ಆಸ್ಪತ್ರೆಗಳ ನವಜಾತ ಶಿಶು ವಿಭಾಗಗಳಲ್ಲಿ, ಮೊಲೆಯುಣ್ಣಲಾರದ ದುರ್ಬಲ ಕೂಸುಗಳಿಗೆ ತಾಯಿಯ ಹಾಲನ್ನೇ ಹಿಂಡಿ, ಒಳಲೆಯ ಆಕಾರದ ಮೂತಿಬಟ್ಟಲಿನಿಂದ ಎರೆಯುತ್ತಾರೆ. ತೊಳೆಯುವುದಕ್ಕೆ ಸುಲಭ, ಕೊಳೆ ನಿಲ್ಲುವ ಮೂಲೆಯಿಲ್ಲ ಎಂಬುದೇ ಕಾರಣ.

ಇವೆಲ್ಲಕ್ಕೂ ಮೇಲಾದುದು ತೊಟ್ಟಿಲು. ಧಾರವಾಡ ಜಿಲ್ಲೆಯ ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ನೋಡಿದವರಿಗೆ ಅದರ ಸೊಗಸನ್ನು ವರ್ಣಿಸಬೇಕಾಗಿಲ್ಲ. ಸಾಗುವಾನಿಯ ಮರದಲ್ಲಿ ಮಾಡಿ, ಅರಗಿನ ಬಣ್ಣ ಕೊಟ್ಟು, ಸುತ್ತಲೂ ರಾಮಾಯಣದ ಪ್ರಸಂಗಗಳನ್ನೂ ಕೃಷ್ಣನ ಬಾಲಲೀಲೆಗಳನ್ನೂ ಚಿತ್ರಗಾರ ಮನೆತನದವರು ಬರೆಯುತ್ತಾರೆ. ಅಂಥ ತೊಟ್ಟಿಲು ಒಂದು ಕೂಸಿಗೆಂದು ಬಂದು, ಮಕ್ಕಳು ಮೊಮ್ಮಕ್ಕಳನ್ನೆಲ್ಲ ತೂಗಿ, ನೆರೆಮನೆಗೂ ಎರವಲು ಹೋಗಿ ಬರುತ್ತದೆ. ಇನ್ನು ಕೌದಿ. ಅಜ್ಜಿಯ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೈಯಿಂದ ಹೊಲಿದ ಈ ಹೊದಿಕೆಗೆ ಪೇಟೆಯಲ್ಲಿ ಹೆಚ್ಚಿನ ಬೆಲೆಯಿಲ್ಲ. ಆದರೆ ಹತ್ತಾರು ಸಲ ಒಗೆದು ಮೆತ್ತಗಾದ ಆ ನೂಲಿನ ಬಟ್ಟೆ ಕೂಸಿನ ಮೈಗೆ ಒಗ್ಗುವಂತೆ ಹೊಚ್ಚಹೊಸ ಮಿರುಗುವ ಬಟ್ಟೆ ಒಗ್ಗುವುದಿಲ್ಲ.

ಹೀಗೆಂದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನೆಂದು ಹೇಳುವಂತಿಲ್ಲ. ನಮ್ಮ ಭಾಷೆಯಲ್ಲಿ ‘ಮುಯ್ಯಿ’ ಎಂಬುದೊಂದು ಶಬ್ದವುಂಟು. ಶುಭಕಾರ್ಯಗಳಲ್ಲಿ ಕೊಡುವ ಕಾಣಿಕೆಯೂ ಮುಯ್ಯಿ. ಅದನ್ನು ಹಿಂದಿರುಗಿಸುವುದೂ ಮುಯ್ಯಿ. ಹಗೆತನ ತೀರಿಸಿಕೊಳ್ಳುವುದೂ ಮುಯ್ಯಿಯೇ! ಪ್ರೀತಿಯ ಕೊಡುಗೆಗೂ ಸೇಡಿಗೂ ಒಂದೇ ಶಬ್ದವನ್ನಿಟ್ಟ ಕನ್ನಡಿಗರು ಮನುಷ್ಯಸ್ವಭಾವವನ್ನು ಚೆನ್ನಾಗಿ ಅರಿತಿದ್ದರೆನ್ನಬೇಕು. ಕೊಟ್ಟದ್ದು ಹೆಚ್ಚಾದರೆ ಪಡೆದವರಿಗೆ ಹೊರೆ. ಕಡಮೆಯಾದರೆ ಕೊಟ್ಟವರಿಗೆ ಅವಮಾನ. ಈ ಲೆಕ್ಕದ ಭಾರವೆಲ್ಲ ಬಂದು ಬೀಳುವುದು ಬಾಣಂತಿಯ ತವರಿನ ಮೇಲೆ. ಚೊಚ್ಚಲ ಹೆರಿಗೆಯ ಖರ್ಚು ತವರಿನದು. ತೊಟ್ಟಿಲು, ಕೂಸಿನ ಒಡವೆ, ಅಳಿಯನಿಗೆ ಬಟ್ಟೆ, ಬೀಗರಿಗೆ ಮರ್ಯಾದೆ ಎಲ್ಲವೂ ತವರಿನದು. ಸಂತೋಷದಿಂದ ಕೊಡುವವರು ಕೊಡಲಿ. ಆದರೆ ಸಾಲ ಮಾಡಿ ಉಂಗುರ ತಂದ ಅಜ್ಜ, ಅದರ ತೂಕವನ್ನು ಬೀಗಿತ್ತಿ ಅಂಗೈಯಲ್ಲಿಟ್ಟು ನೋಡುವುದನ್ನು ಕಂಡು ತಲೆ ತಗ್ಗಿಸುವುದುಂಟಲ್ಲ, ಅದು ವರದಕ್ಷಿಣೆಯ ಎರಡನೆಯ ಕಂತೆನ್ನದೆ ವಿಧಿಯಿಲ್ಲ. ಹುಟ್ಟಿದ್ದು ಹೆಣ್ಣಾದರಂತೂ ಅದೇ ಮನೆಯಲ್ಲಿ ಉಂಗುರ ಸಣ್ಣದಾಗುತ್ತದೆ, ಊಟದ ಎಲೆಗಳೂ ಕಡಮೆಯಾಗುತ್ತವೆ. ಹೆಸರು ಇನ್ನೂ ಇಟ್ಟಾಗಿಲ್ಲ, ಆಗಲೇ ಬೆಲೆ ಕಟ್ಟಿಯಾಯಿತು.

ನನ್ನ ಮಿತ್ರರೊಬ್ಬರ ಮನೆಯಲ್ಲಿ ಅವರ ತಂದೆಯವರು ಬರೆದಿಟ್ಟ ಮುಯ್ಯಿಯ ಪುಸ್ತಕವೊಂದಿದೆ. ಉದ್ದನೆಯ ಲೆಕ್ಕದ ಪುಸ್ತಕ. ಎಡಗಡೆ ಬಂದ ಮುಯ್ಯಿ: ಬೆಳ್ಳಿಯ ಲೋಟ ಒಂದು, ಖಣ ಎರಡು, ನಗದು ಐದು ರೂಪಾಯಿ, ಬಲಗಡೆ ತೀರಿಸಿದ ದಿನ. ಐವರು ಮಕ್ಕಳ ನಾಮಕರಣದ ಲೆಕ್ಕ ಅದರಲ್ಲಿದೆ. ಐದರಲ್ಲಿಯೂ ಒಂದು ಹೆಸರು ತಪ್ಪದೆ ಬರುತ್ತದೆ. ಪ್ರತಿ ಸಲವೂ ‘ಕುಲಾವಿ ಒಂದು, ಕೈಹೊಲಿಗೆ’ ಎಂಬ ಒಕ್ಕಣೆ. ಆ ಹೆಸರಿನ ಎದುರಿಗೆ ಬಲಗಡೆಯ ಜಾಗ ಐದೂ ಸಲ ಖಾಲಿ. ಕೇಳಿದಾಗ ಮಿತ್ರರು ಹೇಳಿದರು: ಆಕೆ ನೆರೆಮನೆಯವರು, ಅವರಿಗೆ ಮಕ್ಕಳಿರಲಿಲ್ಲ. ಮುಯ್ಯಿ ತೀರಿಸುವುದಕ್ಕೆ ಆ ಮನೆಯಲ್ಲಿ ತೊಟ್ಟಿಲೇ ಕಟ್ಟಲಿಲ್ಲ. ಮಕ್ಕಳಿಲ್ಲದವರು ತೊಟ್ಟಿಲನ್ನು ಮುಟ್ಟಬಾರದೆಂದು ಕೆಲವರು ಅವರನ್ನು ಹಿಂದೆ ನಿಲ್ಲಿಸುತ್ತಿದ್ದರಂತೆ. ಆದರೂ ಕುಲಾವಿ ಮಾತ್ರ ತಪ್ಪದೆ ಬರುತ್ತಿತ್ತಂತೆ. ಆ ಇಡೀ ಪುಸ್ತಕದಲ್ಲಿ ಮರಳಿ ಬರುವ ಆಸೆಯಿಲ್ಲದೆ ಕೊಟ್ಟ ಕಾಣಿಕೆಯೆಂದರೆ ಆ ಐದು ಕುಲಾವಿಗಳೇ ಎಂದು ನನಗೆ ತೋರಿತು. ಕೊಟ್ಟವರನ್ನು ಮಾತ್ರ ನಾವು ಬಾಗಿಲಲ್ಲಿ ನಿಲ್ಲಿಸಿದ್ದೆವು. ಈಗಲೂ ಅಂಥವರನ್ನು ಮುಂದೆ ಕರೆದು, ತೊಟ್ಟಿಲ ಹಗ್ಗವನ್ನು ಕೈಗೆ ಕೊಟ್ಟರೆ, ಆ ದಿನಕ್ಕೆ ಅದಕ್ಕಿಂತ ದೊಡ್ಡ ಶೋಭೆಯಿಲ್ಲ.

ಇನ್ನು ಅಂಗಡಿಗೆ ಹೋಗಲೇಬೇಕಾದವರಿಗೆ ನಾಲ್ಕು ಮಾತು. ಚಿನ್ನ ಕೊಳ್ಳುವುದಾದರೆ ಹಾಲ್‌ಮಾರ್ಕ್ ಗುರುತನ್ನು ನೋಡಿಯೇ ಕೊಳ್ಳಬೇಕು. ಪುಟ್ಟ ಉಂಗುರವೂ ಬಿಡಿ ಮಣಿಯೂ ಕೂಸಿನ ಬಾಯಿಗೆ ಹೋಗುವ ವಸ್ತುಗಳು. ತೊಡಿಸಿ ಕಣ್ತುಂಬ ನೋಡಿ, ತೆಗೆದಿಡುವುದೇ ಲೇಸು. ಹಿಂದೆ ಕೊರಳಿಗೆ ಹುಲಿಯುಗುರು ಕಟ್ಟುತ್ತಿದ್ದರೆಂದು ಹಳೆಯ ಪೆಟ್ಟಿಗೆಯಿಂದ ಅದನ್ನು ಯಾರೂ ತೆಗೆಯಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಹುಲಿಯುಗುರನ್ನು ಧರಿಸಿದ್ದಕ್ಕಾಗಿ ಬಂಧನವೂ ಆಗಿದೆ. ಜೇನುತುಪ್ಪದ ಸೀಸೆಯನ್ನು ಒಯ್ಯುವವರೂ ನಿಲ್ಲಲಿ. ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಬಾರದೆಂಬುದು ವೈದ್ಯರ ಮಾತು. ಬಟ್ಟೆ ಕೊಳ್ಳುವವರು ಇಂದಿನ ಅಳತೆಯದನ್ನು ಕೊಳ್ಳದೆ ಮುಂದಿನ ವರ್ಷದ ಅಳತೆಯದನ್ನು ಕೊಳ್ಳಲಿ. ಹನ್ನೆರಡನೆಯ ದಿನ ಬಂದ ಇಪ್ಪತ್ತು ಅಂಗಿಗಳೂ ಮೂರು ತಿಂಗಳಿಗೆ ಒಟ್ಟಿಗೇ ಗಿಡ್ಡವಾಗುವುದನ್ನು ನೋಡದ ಮನೆಯಿಲ್ಲ.

ಆಟಿಕೆ ಬೇಕೆನ್ನುವವರಿಗೆ ಚನ್ನಪಟ್ಟಣ ದೂರವಿಲ್ಲ. ಹಾಲೆ ಮರದ ತುಂಡನ್ನು ಕಡಸಲು ಯಂತ್ರದಲ್ಲಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಕೇದಗೆಯ ಗರಿಯಿಂದ ಮೆರುಗು. ಅರಿಸಿನವೇ ಮೊದಲಾದ ಸಸ್ಯಗಳ ಬಣ್ಣ ಹಾಕಿದ ಗಿಲಕಿಯನ್ನು ಕೇಳಿ ಕೊಂಡರೆ, ಕೂಸು ಅದನ್ನು ಬಾಯಿಗಿಟ್ಟುಕೊಂಡಾಗ ನಮ್ಮ ಎದೆ ಹಾರುವುದಿಲ್ಲ. ಒಂದು ಗಿಲಕಿಯಿಂದ ಒಂದು ಕೂಸೂ ನಕ್ಕು, ಒಬ್ಬ ಕಸಬುದಾರನ ಒಲೆಯೂ ಉರಿಯುತ್ತದೆ.

ಹಣ ಖರ್ಚಾಗದ ಉಡುಗೊರೆಗಳೂ ಉಂಟು. ಮೊದಲನೆಯದು ಬಾಣಂತಿಗೆ ಸಲ್ಲತಕ್ಕದ್ದು. ನೆರೆದವರೆಲ್ಲ ಕೂಸನ್ನು ನೋಡುವಾಗ, ಅರೆನಿದ್ದೆಯಲ್ಲಿ ಕುಳಿತ ಆಕೆಯನ್ನು ನೋಡುವವರು ವಿರಳ. ಹಿರಿಯ ಮಗುವನ್ನು ಅರ್ಧ ದಿನ ನೋಡಿಕೊಳ್ಳುವ ಅತ್ತಿಗೆ, ಒಂದು ಹೊತ್ತಿನ ಅಡುಗೆಯನ್ನು ಕಳುಹಿಸುವ ನೆರೆಯಾಕೆ, ಇವರು ಕೊಟ್ಟದ್ದು ಯಾವ ಬೆಳ್ಳಿಯ ಬಟ್ಟಲಿಗೂ ಕಡಮೆಯಲ್ಲ. ಎರಡನೆಯದು ಸೋದರಮಾವನಿಂದಾಗಬಹುದಾದ ಕೆಲಸ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು; ಹೆಸರಿಲ್ಲದೆ ನೋಂದಣಿಯಾಗಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. 2023ರ ಅಕ್ಟೋಬರ್ 1ರ ಅನಂತರ ಹುಟ್ಟಿದವರಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಆ ಪತ್ರವೇ ಆಧಾರ. ಅಕ್ಕಿಯಲ್ಲಿ ಬರೆದ ಹೆಸರನ್ನು ಕಚೇರಿಯ ಪುಸ್ತಕದಲ್ಲಿಯೂ ಕಾಗುಣಿತ ತಪ್ಪದಂತೆ ಬರೆಯಿಸಿ, ಪತ್ರವನ್ನು ತಂದುಕೊಟ್ಟ ಮಾವನನ್ನು ಆ ಮಗು ಬಹುಕಾಲ ನೆನೆಯಲೇಬೇಕು. ಹಿತ್ತಿಲಿರುವ ಮನೆಯಾದರೆ ತೆಂಗಿನ ಸಸಿಯೊಂದನ್ನು ಒಯ್ಯಬಹುದು. ಮಗು ಶಾಲೆಗೆ ಹೋಗುವ ವೇಳೆಗೆ ಮರವೂ ಹೊಂಬಾಳೆ ಬಿಡುವ ಸಿದ್ಧತೆಯಲ್ಲಿರುತ್ತದೆ. ರಾಜಸ್ಥಾನದ ಪಿಪಲಾಂತ್ರಿಯೆಂಬ ಹಳ್ಳಿಯಲ್ಲಿ ಹೆಣ್ಣುಮಗು ಹುಟ್ಟಿದರೆ ಊರವರು ಸೇರಿ 111 ಗಿಡಗಳನ್ನು ನೆಡುತ್ತಾರೆ. ಹೆಣ್ಣು ಹುಟ್ಟಿತೆಂದು ಎಲೆಗಳನ್ನು ಕಡಮೆ ಮಾಡುವವರು ಅತ್ತ ಒಮ್ಮೆ ನೋಡಬೇಕು.

ಕನ್ನಡ ಮೇಷ್ಟರಾದ ನಾನು ಪುಸ್ತಕದ ಮಾತನ್ನು ಎತ್ತದೆ ಬಿಟ್ಟರೆ ವಾಚಕರು ಸಂಶಯಪಟ್ಟಾರು. ಓದಲು ಬಾರದ ಕೂಸಿಗೆ ಪುಸ್ತಕವೇತಕ್ಕೆ ಎನ್ನಬಹುದು. ತೊಡಲು ಬಾರದ ಕೂಸಿಗೆ ಉಂಗುರ ಕೊಡುವವರು ಹಾಗೆ ಕೇಳಬಾರದು. ಪಂಜೆಯವರ ಮಕ್ಕಳ ಪದ್ಯಗಳನ್ನೋ, ರಾಜರತ್ನಂ ಅವರ ಶಿಶುಗೀತೆಗಳನ್ನೋ, ಕುವೆಂಪು ಅವರ ಕಿಂದರಿಜೋಗಿಯನ್ನೋ ಕೊಂಡು, ಮೊದಲ ಹಾಳೆಯಲ್ಲಿ ಮಗುವಿನ ಹೆಸರು, ತಾರೀಖು, ಅಂದು ಆ ಮನೆಯಲ್ಲಿ ಯಾರು ಯಾರು ನೆರೆದಿದ್ದರೆಂಬ ನಾಲ್ಕು ಸಾಲುಗಳನ್ನು ಬರೆದು ಕೊಡಬೇಕು. ತನಗೆ ನೆನಪಿಲ್ಲದ ತನ್ನ ಹಬ್ಬವೊಂದಿತ್ತೆಂಬುದನ್ನು ಮಗು ಏಳೆಂಟು ವರ್ಷದವನಾದಾಗ ಅಥವಾ ಏಳೆಂಟು ವರ್ಷದವಳಾದಾಗ ಆ ಸಾಲುಗಳಿಂದ ತಿಳಿಯುತ್ತದೆ. ಆ ವೇಳೆಗೆ ನೆರೆದಿದ್ದವರಲ್ಲಿ ಒಬ್ಬಿಬ್ಬರು ಇಲ್ಲದಿರಲೂಬಹುದು, ಹೆಸರಾದರೂ ಅಲ್ಲಿರುತ್ತದೆ.

ಒಟ್ಟಿನಲ್ಲಿ ಕೈಲಾದುದನ್ನು ಒಯ್ಯೋಣ. ಕೈಲಾಗದ್ದನ್ನು ಸಾಲ ಮಾಡಿ ಒಯ್ಯುವುದು ಬೇಡ. ಹೆಣ್ಣಿಗೂ ಗಂಡಿಗೂ ಒಂದೇ ಕೈಯಿಂದ ಕೊಡೋಣ. ಬೇರೆಯವರು ಏನು ತಂದರೆಂದು ನೋಡುವ ಕಣ್ಣನ್ನು ಸ್ವಲ್ಪ ಹೊತ್ತು ಕೂಸಿನ ಕಡೆಗೆ ತಿರುಗಿಸೋಣ. ಕೈತೊಳೆದುಕೊಂಡು ಹತ್ತಿರ ಹೋಗಿ, ಹೊಸದಾಗಿ ಇಟ್ಟ ಹೆಸರಿನಿಂದ ಒಮ್ಮೆ ಕರೆದು, ತೊಟ್ಟಿಲನ್ನು ಎರಡು ಸಲ ತೂಗಿ, ಕೂಸಿಗೆ ಎಚ್ಚರವಾಗುವ ಮೊದಲೇ ಹೊರಗೆ ಬಂದುಬಿಟ್ಟರೆ ಬಾಣಂತಿ ಮನಸ್ಸಿನಲ್ಲಿಯೇ ನಮ್ಮನ್ನು ಹರಸುತ್ತಾಳೆ.